ಎಡ ನನಗೆ, ಬಲ ಅವಳಿಗೆ

ಹಾಡು ಕೇಳಿಸುತ್ತಾ ನಡುನಡುವೆ ಮಾತಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಮಗಳು ತನ್ವಿ ಈ ಪೈಕಿ. "ಅಮ್ಮಾ, ಸುನ್ ನಾ, ಅಬ್ ಗಿಟಾರ್ ಆಯೇಗಾ" ಎನ್ನುತ್ತಾಳೆ, ನನಗೆ ಕಿವಿಯೇ ಇಲ್ಲವೇನೋ ಎಂಬಂತೆ. ಗಿಟಾರ್ ಬಂದಾಗ ನನಗೂ ಗೊತ್ತಾಗುತ್ತದಲ್ಲ! ಅದಕ್ಕೇ ಸುಲೋಚನಾಳ ಜೊತೆ ಲೋಕಲ್ ರೈಲಿನಲ್ಲಿ ಹಾಡು ಹಂಚಿಕೊಳ್ಳಲು ಶುರುಮಾಡಿದಾಗ ನಾನೇ ಒಂದು ನಿಯಮ ಹಾಕಿದೆ. ಕೇಳಿಸುವ ಮೊದಲು ಯಾರು ಹಾಡಿದ್ದು, ಎಲ್ಲಿಯ ಹಾಡು, ಯಾಕೆ ಇಷ್ಟ, ಒಂದನ್ನೂ ಹೇಳಕೂಡದು. ಕೇಳಿದವರು ತಮಗೆ ಅನಿಸಿದ್ದನ್ನು ಹೇಳಿದ ಮೇಲೆಯೇ ಹಾಡಿನ ಕುಲಗೋತ್ರ.

ನಾವಿಬ್ಬರೂ ಇರುವುದು ಡೊಂಬಿವಲಿಯಲ್ಲಿ. ನಾನು ಉಡುಪಿ ಕಡೆಯವಳು, ಮಾಜಿವಾಡಾದ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ. ಸುಲೋಚನಾ ವಿಜಯಪುರದ ಕಡೆಯವಳು. ರಬಾಳೆಯ ಕಾರ್ಖಾನೆಯೊಂದರಲ್ಲಿ ಪ್ಯಾಕಿಂಗ್ ಕೆಲಸ. ಬೆಳಿಗ್ಗೆ ಡೊಂಬಿವಲಿಯಿಂದಲೇ ಹೊರಡುವ ಗಾಡಿಯ ಮೊದಲ ಲೇಡೀಸ್ ಡಬ್ಬಿಯಲ್ಲಿ ಠಾಣೆಯವರೆಗೆ ಜೊತೆಗೆ ಬರುತ್ತೇವೆ. ಅಲ್ಲಿಂದ ಅವಳು ವಾಶಿಯ ಗಾಡಿ ಹಿಡಿಯುತ್ತಾಳೆ, ನಾನು ರಿಕ್ಷಾ ಹಿಡಿಯುತ್ತೇನೆ.

ಪರಿಚಯವಾದದ್ದು ಜಗಳದಿಂದ. ಅವಳು ಫೋನಿನಲ್ಲಿ ಡೊಳ್ಳಿನ ಪದವೊಂದನ್ನು ಜೋರಾಗಿ ಹಾಕಿಕೊಂಡು ಕೂತಿದ್ದಳು. ಡಬ್ಬಿಯವರೆಲ್ಲ ಗೊಣಗುತ್ತಿದ್ದರು. ನಾನು ಸುಮ್ಮನಿರುವವಳಲ್ಲವಲ್ಲ. "ಬಂದ್ ಮಾಡು, ಇಲ್ಲದಿದ್ದರೆ ಇದನ್ನು ಹಾಕಿಕೋ" ಎಂದು ನನ್ನ ಇಯರ್‌ಫೋನ್ ಅವಳ ಮಡಿಲಿಗೆ ಎಸೆದೆ. ಅವಳು ಅದನ್ನು ತನ್ನ ಫೋನಿಗೆ ಸಿಕ್ಕಿಸಿ, ಒಂದು ತುದಿಯನ್ನು ತಾನಿಟ್ಟುಕೊಂಡು ಇನ್ನೊಂದನ್ನು ನನಗೇ ತಿರುಗಿ ಕೊಟ್ಟಳು. "ನೀವೂ ಕೇಳ್ರಿ ಅಕ್ಕಾರ, ಆಮ್ಯಾಲ ಬೈರಿ." ಕೇಳಿದೆ. ಬೈಯಲಾಗಲಿಲ್ಲ.

ಎಡದ ತುದಿ ನನಗೆ, ಬಲದ್ದು ಅವಳಿಗೆ. ಮೊದಲ ದಿನ ಕೈಗೆ ಸಿಕ್ಕಿದ್ದು ಹಾಗೆ. ಗಾಡಿಯಲ್ಲಿ ಕೂತ ಜಾಗ ಖಾಯಂ ಆಗುವಂತೆ ಅದೂ ಖಾಯಂ ಆಯಿತು. ಮನೆಯಲ್ಲಿ ಮಿಕ್ಸರ್, ಕುಕ್ಕರ್, ಟೀವಿಗಳ ನಡುವೆ ನಾನು ಹಾಡು ಕೇಳುವುದಿಲ್ಲ. ಸಂಜೆಯ ಗಾಡಿಯಲ್ಲಿ ಕೈ ಎತ್ತಿದರೆ ಇಳಿಸಲು ಜಾಗವಿರುವುದಿಲ್ಲ. ನನ್ನ ಸಂಗೀತವೆಲ್ಲ ಬೆಳಗಿನ ಆ ಅರ್ಧ ಗಂಟೆಯೊಳಗೆ ಮುಗಿಯಬೇಕು.

ಎಷ್ಟೊಂದು ಹಾಡುಗಳನ್ನು ಕೊಟ್ಟೆ ಅವಳಿಗೆ! ತನ್ವಿ ಕಳಿಸುವ, ಸಿನಿಮಾದವಲ್ಲದ ಇಂಡಿ ಹಾಡುಗಳಲ್ಲಿ ಒಳ್ಳೆಯದನ್ನು ಆರಿಸಿ ಕೊಡುತ್ತಿದ್ದೆ. ಬೆಂಗಳೂರಿನ ಹುಡುಗಿಯೊಬ್ಬಳು ತನ್ನ ಕೋಣೆಯಲ್ಲೇ ಕೂತು ಪಿಸುಗುಟ್ಟುತ್ತಾ ಹಾಡಿದ್ದನ್ನು ಕೇಳಿ ಸುಲೋಚನಾ, "ಪಾಪ, ಈ ಹುಡುಗೀಗ ಯಾರೂ ಉಣ್ಣಾಕ ಹಾಕಿಲ್ಲೇನ್ರಿ?" ಎಂದಳು. ಆದರೆ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಡುವಾಗಿನ ತುಳು ಹಾಡೊಂದಕ್ಕೆ ಮಂಗಳೂರಿನ ಹುಡುಗರು ಬರೀ ಒಂದು ತಂಬೂರಿ ಸೇರಿಸಿದ್ದರು. ಒಂದು ಪದವೂ ಅರ್ಥವಾಗದೆ ಅದನ್ನು ಕೇಳಿ ಕಣ್ಣು ಒರೆಸಿಕೊಂಡಳು. "ಆ ಗದ್ದಿ ಹಾಡ ಹಚ್ರಿ" ಎಂದು ಮತ್ತೆ ಮತ್ತೆ ಕೇಳುತ್ತಿದ್ದಳು. ಅವಳು ನನಗೆ ಗೀಗೀ ಪದ ಕೊಟ್ಟಳು, ಕಣದಲ್ಲಿ ರಾಶಿ ಮಾಡುವಾಗಿನ ಹಂತಿ ಪದ ಕೊಟ್ಟಳು, ಕಲಬುರಗಿಯ ಕಾಲೇಜು ಹುಡುಗರು ಡ್ರಮ್ಮು ಬಡಿದು ಹಾಡಿದ ತತ್ವಪದ ಕೊಟ್ಟಳು.

ಒಮ್ಮೊಮ್ಮೆ ತಕರಾರು ಬರುತ್ತಿತ್ತು. "ಆ ಕೊಳಲು ಕೇಳಿದ್ಯಾ, ಎಷ್ಟು ಚಂದ" ಎಂದರೆ "ಕೊಳಲ ಎಲ್ಲೈತ್ರಿ ಅಕ್ಕಾರ?" ಎನ್ನುತ್ತಿದ್ದಳು. ಅವಳು ತಲೆದೂಗಿದ ತಬಲಾ ನನಗೆ ಸಿಕ್ಕಿರುತ್ತಿರಲಿಲ್ಲ. ಗಾಡಿಯ ಗದ್ದಲ ಎಂದುಕೊಂಡೆವು. ಅವಳ ಕಿವಿ ಸ್ವಲ್ಪ ಮಂದ ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ನನ್ನ ಬಗ್ಗೆ ಅವಳೂ ಅದನ್ನೇ ತೀರ್ಮಾನಿಸಿದ್ದಳೆಂದು ಆಮೇಲೆ ಗೊತ್ತಾಯಿತು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಅವಳು ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಳು. ಗಾಡಿ ಹೊರಟಿತೋ ಇಲ್ಲವೋ, "ಇವತ್ತಿನ ಹಾಡ ನಂದು ಅಕ್ಕಾರ" ಎಂದು ಹಾಡನ್ನು ನನ್ನ ಫೋನಿಗೆ ಕಳಿಸಿ, ಇಯರ್‌ಫೋನ್ ತಾನೇ ಬಿಡಿಸಿ, ನನ್ನ ತುದಿಯನ್ನು ಕೈಗಿಟ್ಟಳು. ಅವಳ ಮುಖದಲ್ಲಿ ಏನೋ ಸಂಭ್ರಮ. ಆದರೂ ನಿಯಮ ಮುರಿಯಲಿಲ್ಲ, ತುಟಿ ಬಿಗಿದು ಕೂತಳು.

ಹಾಡು ಬೀಸುವ ಕಲ್ಲಿನ ಸದ್ದಿನಿಂದ ಶುರುವಾಯಿತು. ಹಿಂದೆ ತೆಳುವಾಗಿ ಒಂದು ತಮಟೆ. ವಯಸ್ಸಾದ ಹೆಂಗಸಿನ ದಪ್ಪ ದನಿಯೊಂದು "ತವರಿಂದ ಏನೇನು ತಂದಿ ಗೆಳತಿ" ಎಂದು ಕೇಳಿತು. ಮತ್ತೆ ಬರೀ ಕಲ್ಲು, ತಮಟೆ. ಆಮೇಲೆ ಇನ್ನೊಂದು ಪ್ರಶ್ನೆ. ಮತ್ತೆ ಕಲ್ಲು. ಕೇಳುವವಳು ಕೇಳುತ್ತಲೇ ಇದ್ದಾಳೆ, ಯಾರೂ ಉತ್ತರ ಕೊಡುತ್ತಿಲ್ಲ. ಗಾಡಿ ಮುಂಬ್ರಾ ದಾಟುವಾಗ ಹಾಡು ಮುಗಿಯಿತು. ನನಗೆ ಮೈ ಜುಮ್ಮೆಂದಿತ್ತು.

"ಏನನ್ನಿಸ್ತರಿ?" ಎಂದಳು.

"ಚಂದ ಉಂಟು ಮಾರಾಯ್ತಿ! ಎಂಥ ದನಿ ಆ ಹೆಂಗಸಿಂದು!"

"ಯಾವಾಕೀದು?"

"ಯಾವಾಕಿ ಅಂದ್ರೆ? ಇರೋದೇ ಒಬ್ಬಳು. ಕೇಳ್ತಾಳಲ್ಲ, ತವರಿಂದ ಏನು ತಂದಿ ಅಂತ."

"ಮತ್ತ... ಹೇಳಾಕಿ?"

"ಯಾರೂ ಹೇಳೋದಿಲ್ಲ, ಅದೇ ಅಲ್ವಾ ಚಂದ? ರೆಕಾರ್ಡ್ ಮಾಡಿದವರು ಹುಷಾರಿದ್ದಾರೆ. ಇನ್ನೊಬ್ಬಳನ್ನು ತಂದು ಕೂರಿಸಿ ಹಾಡು ಹಾಳು ಮಾಡಲಿಲ್ಲ."

ಸುಲೋಚನಾ ಕಿವಿಯಿಂದ ತುದಿಯನ್ನು ತೆಗೆದಳು. ವೈರನ್ನು ಬೆರಳಿಗೆ ಸುತ್ತಿ ನನ್ನ ಬ್ಯಾಗಿನ ಮೇಲಿಟ್ಟಳು. "ಹೌದ್ರಿ" ಎಂದಳು. ಹಾಡಿದ್ದು ಯಾರೆಂದು ಕೇಳಿದರೆ "ಯಾರೋ ನಮ್ಮ ಊರ ಕಡ್ಯಾವ್ರು, ಬಿಡ್ರಿ" ಎಂದು ಕಿಟಕಿಯ ಕಡೆ ತಿರುಗಿದಳು.

ಮರುದಿನ ಅವಳ ಜಾಗ ಖಾಲಿ. ಅದರ ಮರುದಿನವೂ. ಹುಷಾರಿಲ್ಲವೇನೋ ಎಂದು ಫೋನ್ ಮಾಡಿದರೆ ಎತ್ತಲಿಲ್ಲ. ಆಮೇಲೆ ಒಂದು ದಿನ ಪ್ಲಾಟ್‌ಫಾರ್ಮಿನಲ್ಲಿ ಕಣ್ಣಾರೆ ಕಂಡೆ. ನನ್ನನ್ನು ನೋಡಿದವಳೇ ತಲೆ ತಗ್ಗಿಸಿ ನಡುವಿನ ಲೇಡೀಸ್ ಡಬ್ಬಿ ಹತ್ತಿದಳು. ನನಗೆ ಸಿಟ್ಟು ನೆತ್ತಿಗೇರಿತು. ಏನು ಬೈದಿದ್ದೆ ಅವಳಿಗೆ? ಬಾಯ್ತುಂಬ ಹೊಗಳಿದ್ದೆನಲ್ಲ! ರಾತ್ರಿ ಊಟಕ್ಕೆ ಕೂತಾಗ ನಮ್ಮವರ ಹತ್ತಿರ ಹೇಳಿಕೊಂಡೆ. ಸ್ಟೇಷನ್ ಹತ್ತಿರ ಹೋಟೆಲು ನಡೆಸುವ ಮನುಷ್ಯ, ಪುಂಡರೀಕಾಕ್ಷ ಅಂತ ಹೆಸರು. ತಾಳ್ಮೆಯಲ್ಲೂ ದೇವರೇ, ಕುಹಕದಲ್ಲೂ.

"ಹೊಗಳಿದ್ದಕ್ಕೆ ಕೋಪ ಮಾಡ್ಕೊಂಡಿದ್ದಾಳೆ ನೋಡಿ" ಎಂದೆ.

"ನೀನು ಹೋಟೆಲಿಗೆ ಬಂದು ಸಾಂಬಾರು ಹೊಗಳಿ ಹೋದ ದಿನ ನಮ್ಮ ಅಡುಗೆಯವನು ರಜೆ ಕೇಳ್ತಾನೆ" ಎಂದು ಮಜ್ಜಿಗೆ ಬಡಿಸಿಕೊಂಡರು.

ಸಿಟ್ಟು ಎಷ್ಟು ದಿನ ಇರುತ್ತದೆ? ನನಗೆ ಅವಳಿಲ್ಲದೆ ಏನೂ ಸೇರುತ್ತಿರಲಿಲ್ಲ. ತನ್ವಿ ಹೊಸ ಹಾಡು ಕಳಿಸಿದರೆ "ಇದನ್ನು ಕೇಳಿ ಸುಲೋಚನಾ ಏನನ್ನುತ್ತಾಳೋ" ಎಂದೇ ಮೊದಲು ಹೊಳೆಯುತ್ತಿತ್ತು. ಈ ವಯಸ್ಸಿಗೆ ಹೊಸದಾಗಿ ಗೆಳತಿಯೊಬ್ಬಳು ಸಿಗುವುದು ಸುಲಭವಲ್ಲ, ಅದೂ ಹಾಡಿನ ನಡುವೆ ಮಾತಾಡದವಳು. ಅವಳು ಬೇಕಾಗಿತ್ತು ನನಗೆ, ಅಷ್ಟೇ.

ಒಂದು ಬೆಳಿಗ್ಗೆ ಅವಳು ಕೊಟ್ಟ ಹಾಡನ್ನೇ ಹಾಕಿದೆ. ಏನಿದೆ ಇದರಲ್ಲಿ, ಇಷ್ಟು ಮುನಿಸಿಕೊಳ್ಳುವಂಥದ್ದು? ಪಕ್ಕದಲ್ಲಿ ಪಾಲು ಕೇಳುವವರಿರಲಿಲ್ಲ, ಎರಡೂ ತುದಿಗಳನ್ನು ನನ್ನ ಎರಡೂ ಕಿವಿಗೆ ಸಿಕ್ಕಿಸಿಕೊಂಡೆ. ಕಲ್ಲಿನ ಸದ್ದು, ತಮಟೆ. ಎಡಗಡೆ ಆ ದಪ್ಪ ದನಿ ಕೇಳಿತು, "ತವರಿಂದ ಏನೇನು ತಂದಿ ಗೆಳತಿ?"

"ಅವ್ವನ ಬೈಗುಳ ತಂದೀನಿ, ಸೆರಗಿನಾಗ ಕಟ್ಟಿ."

ಗಕ್ಕನೆ ಬಲಕ್ಕೆ ತಿರುಗಿದೆ. ಬಟಾಣಿ ಸುಲಿಯುತ್ತಾ ಕೂತಿದ್ದ ಮರಾಠಿ ಹೆಂಗಸು "ಕಾಯ್ ಝಾಲಂ?" ಎಂದು, ಏನಾಯಿತೆಂಬಂತೆ ನನ್ನನ್ನೇ ನೋಡಿದಳು. ಅವಳು ಹಾಡಿರಲಿಲ್ಲ. ಬಲದ ತುದಿಯನ್ನು ತೆಗೆದೆ, ಪ್ರಶ್ನೆ ಮಾತ್ರ. ಅದನ್ನು ಹಾಕಿಕೊಂಡು ಎಡದ್ದನ್ನು ತೆಗೆದೆ, ಉತ್ತರ ಮಾತ್ರ. ಇಬ್ಬರು ಹೆಂಗಸರು, ಒಬ್ಬೊಬ್ಬರಿಗೆ ಒಂದೊಂದು ಕಡೆ. ಇಷ್ಟು ದಿನ ನಾವಿಬ್ಬರೂ ಎಲ್ಲ ಹಾಡುಗಳನ್ನೂ ಅರ್ಧರ್ಧ ಕೇಳಿ ಜಗಳವಾಡಿದ್ದೆವು.

ನಗು ಬರಬೇಕಿತ್ತು, ಬರಲಿಲ್ಲ. ಬಲಗಡೆಯ ಆ ದನಿ ಸಾಲಿನ ಕೊನೆಯಲ್ಲಿ ಉಸಿರನ್ನು ಚೂರು ಹಿಡಿದು ಬಿಡುತ್ತಿತ್ತು. ಸುಲೋಚನಾ ಗುನುಗುವಾಗ ಥೇಟ್ ಹಾಗೆಯೇ ಮಾಡುತ್ತಾಳೆ. ಊರಿಂದ ಅವ್ವ ಬಂದು ತನ್ನ ಜೊತೆಗೇ ಇದ್ದಾಳೆಂದು ಅವಳು ಹೇಳಿದ್ದು ನೆನಪಾಯಿತು. ಇಸ್ತ್ರಿ ಸೀರೆಯೂ ನೆನಪಾಯಿತು. 'ಇನ್ನೊಬ್ಬಳನ್ನು ತಂದು ಕೂರಿಸಿ ಹಾಡು ಹಾಳು ಮಾಡಲಿಲ್ಲ' ಎಂದಿದ್ದೆ, ಅವಳ ಅವ್ವನ ದನಿ ಅವಳ ಕಿವಿಯಲ್ಲಿ ಇನ್ನೂ ಇರುವಾಗಲೇ.

ಠಾಣೆಯಲ್ಲಿ ಇಳಿದವಳೇ ರಿಕ್ಷಾದ ಕಡೆ ಹೋಗದೆ ಸೇತುವೆ ಹತ್ತಿ ವಾಶಿ ಗಾಡಿಯ ಪ್ಲಾಟ್‌ಫಾರ್ಮಿಗೆ ಓಡಿದೆ. ಓಡಿದೆ ಎಂದರೆ ನನ್ನ ಮೊಣಕಾಲು ಬಿಟ್ಟಷ್ಟು. ಅವಳು ಲೇಡೀಸ್ ಡಬ್ಬಿ ನಿಲ್ಲುವ ಕಡೆ ಊಟದ ಚೀಲ ಹಿಡಿದು ನಿಂತಿದ್ದಳು.

"ನಿಲ್ಲು ಮಾರಾಯ್ತಿ!"

"ಲೇಟಾಗ್ತೈತ್ರಿ ಅಕ್ಕಾರ."

"ಆ ಹೇಳೋ ದನಿ ನಿನ್ನ ಅಮ್ಮಂದಾ?"

ಅವಳ ಕಣ್ಣು ತುಂಬಿತು. "ನೀವು ಹೊಗಳಬೇಕಂತ ನಾ ಅಂದಿಲ್ರಿ. ಚಂದಿಲ್ಲ ಅಂದಿದ್ರೂ ನಡೀತಿತ್ತು. ನಮ್ಮವ್ವ ಅದರಾಗ ಇಲ್ಲೇ ಇಲ್ಲ ಅಂದ್ರಲ್ಲ!"

ಎಡದ ತುದಿಯನ್ನು, ನನ್ನ ಪಾಲಿನದನ್ನು, ಅವಳ ಕಿವಿಗಿಟ್ಟು ಹಾಡು ಹಚ್ಚಿದೆ. ಅವಳು ಬೇಡವೆಂಬಂತೆ ಮುಖ ತಿರುಗಿಸಿದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. ಅವಳ ಗಾಡಿ ಬಂತು, ಜನ ಇಳಿದರು, ಹತ್ತಿದರು.

"ನಮ್ಮವ್ವ ಎಲ್ಲಿ?" ಎಂದಳು.

"ಇದೇ ನನಗೆ ಕೇಳಿಸಿದ್ದು. ಇಷ್ಟೇ."

ಬಲದ ತುದಿಯನ್ನೂ ಕೊಟ್ಟೆ. ಅವಳು ಒಂದನ್ನು ತೆಗೆದು, ಇನ್ನೊಂದನ್ನು ಹಾಕಿ, ನಾನು ಮಾಡಿದ್ದನ್ನೆಲ್ಲ ಮಾಡಿ ನೋಡಿದಳು. ಗಾಡಿ ಹೋಗಿಯೇಬಿಟ್ಟಿತು. "ಅಯ್ಯ ಶಿವನ! ಅವತ್ತ ಕೇಳಾಕಿ ದನಿ ಗಾಡಿ ಗದ್ದಲದಾಗ ಮುಚ್ಚಿಹೋತು ಅಂದ್ಕೊಂಡಿದ್ದೆ. ಹಂಗಾರ ಆ ಕೊಳಲ?" ಎಂದಳು.

"ಇತ್ತು. ನನ್ನ ಕಡೆ ಇತ್ತು."

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ನಗುತ್ತಲೇ ಅವಳು ಅತ್ತಳು. ಮನೆಯಲ್ಲಿ ಅವ್ವ ದಿನಾ ಸಂಜೆ ಬಾಗಿಲಲ್ಲೇ ಕೇಳುತ್ತಿದ್ದಳಂತೆ, ನಿನ್ನ ರೈಲಿನ ಅಕ್ಕ ಏನಂದಳು ಎಂದು. "ಇನ್ನಾ ಕೇಳಿಲ್ಲ, ಕಿವ್ಯಾಗ ಇಟ್ಕೊಳ್ಳೂದು ಕೆಟ್ಟೈತಿ" ಎಂದು ಇವಳು ಸುಳ್ಳು ಹೇಳುತ್ತಾ ಬಂದಿದ್ದಳು.

ಭಾನುವಾರ ನಮ್ಮ ಹೋಟೆಲಿನ ಉದ್ದಿನ ವಡೆಯಂಥ ಬಿಸ್ಕೂಟ್ ಅಂಬಡೆ ಕಟ್ಟಿಸಿಕೊಂಡು ಅವಳ ಮನೆಗೆ ಹೋದೆ. ಕೆಮಿಕಲ್ ಫ್ಯಾಕ್ಟರಿಗಳ ಹಿಂದೆ ಚಾಳ್ ಎನ್ನುವ ವಠಾರದಲ್ಲಿ ಒಂದೇ ಕೋಣೆ, ಗಾಳಿಯಲ್ಲಿ ಆ ಘಾಟು. ಅವಳ ಅವ್ವ ಚಂದವ್ವ ಚಾಪೆಯ ಮೇಲೆ ಕೂತಿದ್ದರು. ನನ್ನ ಕೈಯಲ್ಲಿ ವೈರು ಕಂಡದ್ದೇ, "ರಿಪೇರಿ ಆತೇನವ್ವಾ?" ಎಂದರು.

"ಆಯ್ತು ಅಮ್ಮ. ಕೇಳಿಯೇ ಬಂದೆ. ಅವ್ವನ ಬೈಗುಳ ಸೆರಗಿನಲ್ಲಿ ಕಟ್ಟಿಕೊಂಡು ಬಂದವರು ನೀವೇ ಅಲ್ವಾ? ಗಾಡಿಯಲ್ಲಿ ಕೂತವಳು ಬೆಚ್ಚಿಬಿದ್ದು ಪಕ್ಕಕ್ಕೆ ತಿರುಗಿ ನೋಡಿದೆ, ಯಾರು ಹೇಳಿದ್ದು ಅಂತ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. "ಅದು ಕಲತ ಪದ ಅಲ್ಲವ್ವ. ಬಸಲಿಂಗಿ ಕೇಳಿದ್ದಕ್ಕ ಆಗಿಂದಾಗ ಬಾಯಿಗೆ ಬಂದದ್ದು."

ಬಸಲಿಂಗವ್ವ ಎಂದರೆ ಕೇಳುವವಳು. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಒಂದೇ ಕಲ್ಲಿಗೆ ಕೂತವರು. ಹುಬ್ಬಳ್ಳಿಯ ಹುಡುಗರು ಬಂದು ಒಬ್ಬೊಬ್ಬರ ಮುಂದೆ ಒಂದೊಂದು ಮೈಕು ಇಟ್ಟು ರೆಕಾರ್ಡ್ ಮಾಡಿಕೊಂಡು ಹೋದರಂತೆ. ಹಾಡು ಹೊರಬರುವ ಮೊದಲೇ ಬಸಲಿಂಗವ್ವ ತೀರಿಕೊಂಡರು. ಆಮೇಲೆ ಊರಲ್ಲಿ ಚಂದವ್ವನಿಗೆ ಬೇಸರವಾಗಿ ಮಗಳ ಹತ್ತಿರ ಬಂದರು.

"ನೀವು ಇದರಲ್ಲಿ ಕೇಳಿದ್ದೀರಾ?" ಎಂದೆ.

"ಫೋನಿನಾಗ ಕೇಳೀನಿ. ಎಲ್ಲಾ ಒಂದ ಕಡೀಂದ ಬರ್ತೈತಿ, ಕಲಸಿಟ್ಟಂಗ."

ನಾನು ತುದಿಗಳನ್ನು ಬೆಳಕಿಗೆ ಹಿಡಿದು, ಯಾವುದು ಎಡ ಯಾವುದು ಬಲ ಎಂದು ಸರಿಯಾಗಿ ನೋಡಿ ಅವರ ಕಿವಿಗಿಟ್ಟೆ. ಹಾಡು ಶುರುವಾಯಿತು. ಚಂದವ್ವನ ಕೈ ಮಡಿಲಲ್ಲೇ ಮೆಲ್ಲಗೆ ತಿರುಗತೊಡಗಿತು. ಸ್ವಲ್ಪ ಹೊತ್ತಿಗೆ ಅದು ನಿಂತಿತು. ಅವರು ಎಡಕ್ಕೆ ತಿರುಗಿ ಗೋಡೆಯ ಕಡೆ ನೋಡಿದರು.

"ಇಕಾ, ಇಲ್ಲೇ ಕುಂತಾಳ" ಎಂದರು. "ಯಾವಾಗಲೂ ಈ ಕಡೇನ ಕೂಡಾಕಿ."

ಅಷ್ಟು ಹೇಳಿ ಅವರು ಚಾಪೆಯ ಮೇಲೆ ಬಲಕ್ಕೆ ಸರಿದು ಎಡಗಡೆ ಜಾಗ ಬಿಟ್ಟರು. ನನಗೆಂದು ತಿಳಿದು ನಾನು ಅಲ್ಲಿ ಕೂರಲು ಹೋದೆ. ಸುಲೋಚನಾ ನನ್ನ ಕೈ ಹಿಡಿದಳು. ನಾನು ಸುತ್ತಿ ಬಂದು ಬಲಗಡೆ ಕೂತೆ.

ಚಂದವ್ವ ತಮ್ಮ ಬಲಗಿವಿಯ ತುದಿಯನ್ನು ತೆಗೆದು ನನ್ನ ಕೈಗಿಟ್ಟರು. "ನನ್ನ ದನಿ ನನಗ ಗೊತ್ತೈತಿ. ಇದನ್ನ ನೀ ಕೇಳು. ನಾ ಆಕೀನ್ನ ಕೇಳ್ತೀನಿ."

ಬಲದ ತುದಿಯನ್ನು ಕಿವಿಗಿಟ್ಟುಕೊಂಡೆ. ಕಲ್ಲು ತಿರುಗುತ್ತಿತ್ತು. ನನ್ನ ಕಡೆ ಬರೀ ಉತ್ತರಗಳು. ಪ್ರಶ್ನೆ ಬಂದದ್ದು ಚಂದವ್ವನ ಮುಖದಲ್ಲಿ ಗೊತ್ತಾಗುತ್ತಿತ್ತು. ಪ್ರತಿ ಸಲ ಅವರು ಖಾಲಿ ಜಾಗದ ಕಡೆ ತಲೆಯಾಡಿಸುತ್ತಿದ್ದರು. ಕೊನೆಯ ಪ್ರಶ್ನೆಗೆ ಅವರು ಹಾಡಿಗೂ ಮೊದಲೇ ಬಾಯಿಬಿಟ್ಟು ಉತ್ತರ ಹೇಳಿದರು. ಕಿವಿಗೆ ಏನೂ ಇಲ್ಲದೆ ಒಲೆಯ ಹತ್ತಿರ ಕೂತಿದ್ದ ಸುಲೋಚನಾಳಿಗೂ ಅದು ಕೇಳಿಸಿತು.