ರೈಜ಼ಲ್ ಓದಿದ ನಡಾವಳಿ ಪುಸ್ತಕ

ನನ್ನ ತಂಗಿ ರೈಜ಼ಲ್ ಕಾಲೇಜಿನಲ್ಲಿ ಯಹೂದಿ ಅಧ್ಯಯನವನ್ನೇ ಮುಖ್ಯ ವಿಷಯವಾಗಿ ಆರಿಸಿಕೊಂಡಿರುವುದಾಗಿ ಹೇಳಿದ್ದು ಒಂದು ಶುಕ್ರವಾರದ ಊಟದಲ್ಲಿ, ಅಮ್ಮ ಕೋಳಿ ಸಾರು ಬಡಿಸುತ್ತಿದ್ದಾಗ. ಕ್ವೀನ್ಸ್‌ನಲ್ಲಿ ಬಚ್ಚಲುಮನೆ ಟೈಲ್ಸ್ ಅಂಗಡಿ ಇಟ್ಟಿರುವ ಅಪ್ಪ ಚಮಚ ಕೆಳಗಿಟ್ಟರು.

"ಅದ್ರಲ್ಲಿ ಏನು ಕಲಿಸ್ತಾರೆ?"

"ನಮ್ಮ ಚರಿತ್ರೆ, ಶಾಸ್ತ್ರ, ಅಜ್ಜಿ ಆಡೋ ಯಿದ್ದಿಷ್ ಭಾಷೆ."

"ಮೀನಿಗೆ ಈಜು ಕಲಿಸೋಕೂ ಕಾಲೇಜು ಬಂತಾ? ಇದೆಲ್ಲ ಮನೇಲೇ ಇತ್ತಲ್ಲೇ!"

"ಎಲ್ಲಿತ್ತಪ್ಪಾ? ನಿಮಗೆ ಯಿದ್ದಿಷಲ್ಲಿ ಬೈಗುಳ ಬಿಟ್ರೆ ಇನ್ನೇನು ಬರುತ್ತೆ?"

ಇದು ನಿಜವಾದ್ದರಿಂದ ಅಪ್ಪ ಮತ್ತೆ ಚಮಚ ಎತ್ತಿಕೊಂಡರು.

ಅಪ್ಪನ ತಾಯಿ ಗಿಟ್ಲ್ ಅಜ್ಜಿಗೆ ಆಗ ಎಂಬತ್ತಾರು. ಪೋಲೆಂಡಿನ ಪ್ರಷ್ಕೊವಿಟ್ಸ್ ಎಂಬ ಸಣ್ಣ ಊರಿನವಳು. ಅವಳು ಕೇಳಿದ್ದು ಒಂದೇ: "ಮೇಷ್ಟ್ರು ಯಾರು?"

"ಲಿಂಡ್‌ಕ್ವಿಸ್ಟ್ ಅಂತ, ಅಜ್ಜಿ. ನೆಬ್ರಾಸ್ಕಾದೋರು. ಅವರಪ್ಪ ಚರ್ಚಲ್ಲಿ ಪಾದ್ರಿ."

"ಅಯ್ಯೋ ಪಾಪ," ಎಂದಳು ಅಜ್ಜಿ. "ಒಳ್ಳೇ ಮನೆ ಹುಡುಗ. ಅವನಿಗ್ಯಾಕೆ ಬೇಕಿತ್ತು?"

ಮೂರು ತಿಂಗಳಾದ ಮೇಲೆ ರೈಜ಼ಲ್ ಅಜ್ಜಿಯ ಜೊತೆ ಯಿದ್ದಿಷಿನಲ್ಲಿ ಮಾತಾಡಲು ಶುರು ಮಾಡಿದಳು. ಅಜ್ಜಿ ಕೈಕಟ್ಟಿ ಕೂತು ಕೊನೆಯವರೆಗೂ ಕೇಳಿ, "ಚೆನ್ನಾಗಿದೆ ಮಗಳೇ, ರೇಡಿಯೋದವರು ವಾರ್ತೆ ಓದಿದ ಹಾಗಿದೆ" ಎಂದಳು.

ಮರುವರ್ಷ ಸ್ಮಶಾನದ ಕಚೇರಿಯಿಂದ ಪತ್ರ ಬಂತು. ಅಮೆರಿಕಕ್ಕೆ ಬಂದ ಪ್ರಷ್ಕೊವಿಟ್ಸ್‌ನವರು ಹಿಂದೆ ಸಂಘ ಕಟ್ಟಿಕೊಂಡು, ಸತ್ತಮೇಲೂ ಊರಿನವರು ಒಟ್ಟಿಗಿರಬೇಕೆಂದು ಅಲ್ಲಿ ಒಂದಿಷ್ಟು ಜಾಗ ಕೊಂಡಿದ್ದರು. ಕಚೇರಿಯವರು ಹೊಸ ನಕ್ಷೆ ಮಾಡುತ್ತಿದ್ದರು. ಖಾಲಿ ಇರುವ ಜಾಗಗಳು ಯಾರ್‍ಯಾರಿಗೆ ಸೇರಿದವೆಂದು ದಾಖಲೆ ತೋರಿಸಬೇಕಿತ್ತು. ಇದ್ದ ದಾಖಲೆ ಒಂದೇ, ಸಂಘದ ನಡಾವಳಿ ಪುಸ್ತಕ. ಅದು ಕೈಬರಹದ ಯಿದ್ದಿಷಿನಲ್ಲಿತ್ತು. ಕಾರ್ಯದರ್ಶಿ ಜ಼ುಕರ್‌ಬ್ರಾನ್ ಅವರಿಗೆ ತೊಂಬತ್ತೊಂದು ವಯಸ್ಸು. ಕಣ್ಣು ಪೂರ್ತಿ ಹೋಗಿತ್ತು. ಅಪ್ಪ ಪುಸ್ತಕವನ್ನು ನಮ್ಮ ಧರ್ಮಗುರು ರಬ್ಬಿಗೆ ತೋರಿಸಿದರು. ರಬ್ಬಿ ಪುಟ ತಿರುವಿ ನೋಡಿ, "ಅಚ್ಚಾಗಿದ್ರೆ ಓದಬಹುದಿತ್ತು. ಇದು ಕೋಳಿ ಕೆದಕಿದ ಹಾಗಿದೆ" ಎಂದು ವಾಪಸು ಕೊಟ್ಟರು.

ಅಪ್ಪ ಅದನ್ನು ತಂದು ಊಟದ ಮೇಜಿನ ಮೇಲೆ, ರೈಜ಼ಲ್‌ಳ ಎದುರಿಗೆ ಇಟ್ಟರು. ಅವಳು ಪೆನ್ಸಿಲ್ ತೆಗೆದುಕೊಂಡಳು.

ಮೂರು ಭಾನುವಾರ ಓದಿದಳು. ಅದೇ ಸ್ಮಶಾನದಲ್ಲಿ ಮಲಗಿರುವ ನಮ್ಮ ತಾತ ಹರ್ಷಲ್‌ನನ್ನು ೧೯೫೮ರಲ್ಲಿ ಸಂಘದಿಂದ ಹೊರಹಾಕಿದ್ದರೆಂದು ಮೊದಲು ತಿಳಿಯಿತು. ವಾರ್ಷಿಕ ಸಭೆಯಲ್ಲಿ ಉಪ್ಪುಮೀನು ಕೊಡಬೇಕೋ ಕೇಕು ಕೊಡಬೇಕೋ ಎಂಬ ಚರ್ಚೆಯಲ್ಲಿ ಅವನು ಅಧ್ಯಕ್ಷರ ಮೇಲೆ ಮೀನು ಎಸೆದಿದ್ದ. ಮೂರು ವರ್ಷದ ಮೇಲೆ, ಸಭೆಯಲ್ಲಿ ಬಾಯಿ ತೆರೆಯಕೂಡದೆಂಬ ಷರತ್ತಿನ ಮೇಲೆ ಸೇರಿಸಿಕೊಂಡಿದ್ದರು. ಅರ್ಜಿ ಹಾಕಿದ್ದವಳು ಅಜ್ಜಿ.

ಅದೇ ಪುಟದಲ್ಲಿ ಇನ್ನೊಂದು ಠರಾವಿತ್ತು. ರೈಜ಼ಲ್ ಎರಡು ಸಲ ಓದಿ ಅಪ್ಪನನ್ನು ಕರೆದಳು.

"ಅಪ್ಪಾ, ತಾತನ ಪಕ್ಕದ ಜಾಗ ಅಜ್ಜೀದಲ್ಲ. ಅಜ್ಜಿ ತಾನೇ ಕೇಳಿ ಬೇರೆ ಜಾಗ ಬರೆಸ್ಕೊಂಡಿದಾಳೆ. ಆ ಕಡೆ ಕೊನೇ ಸಾಲಲ್ಲಿ, ಫ್ರಿಮೆಟ್ ಅನ್ನೋರ ಪಕ್ಕ."

ಅಪ್ಪ ಅಜ್ಜಿಯ ಕೋಣೆಗೆ ಹೋದರು. ನಾವೂ ಹಿಂದೆ ಹೋದೆವು. ಅಜ್ಜಿ ಸೇಬು ಹೆಚ್ಚುತ್ತಿದ್ದಳು.

"ಅಮ್ಮಾ, ಅಪ್ಪನ ಜೊತೆ ನಿನಗೆ ಸರಿ ಇರ್ಲಿಲ್ವಾ?"

"ಸರಿ ಇಲ್ದೇನೇ ಮೂರು ಮಕ್ಕಳಾಯ್ತೇನೋ?"

"ಮತ್ತೆ ಯಾಕೆ ಹೀಗೆ ಮಾಡ್ದೆ?"

ಅಜ್ಜಿ ಚಾಕು ಪಕ್ಕಕ್ಕಿಟ್ಟಳು. "ಫ್ರಿಮೆಟೂ ನಾನೂ ಒಂದೇ ಹಡಗಲ್ಲಿ ಬಂದ್ವಿ. ಯುದ್ಧದಲ್ಲಿ ಅವಳ ಮನೆಯವರು ಒಬ್ಬರೂ ಉಳೀಲಿಲ್ಲ. ಮದುವೇನೂ ಆಗ್ಲಿಲ್ಲ. ಒಂದಿನ ಹೊಲಿಗೆ ಮಿಷನ್ ಮುಂದೆ ಕೂತಿದ್ದೋಳು, 'ನನ್ನ ಪಕ್ಕ ಯಾರನ್ನ ಮಲಗಿಸ್ತಾರೋ ಗೊತ್ತಿಲ್ಲ ಗಿಟ್ಲ್' ಅಂದ್ಲು. ನಾನು ಮಲಗ್ತೀನಿ ಬಿಡು ಅಂದೆ."

"ಅಪ್ಪ ಒಪ್ಪಿದ್ರಾ?"

"ಸಭೇಲಿ ಕೂತಿದ್ದ. ಅವನು ಮಾತಾಡೋ ಹಾಗಿರ್ಲಿಲ್ಲ."

ಅಪ್ಪ ಮಂಚದ ತುದಿಯಲ್ಲಿ ಕೂತರು. ಅಜ್ಜಿ ಒಂದು ಹೋಳು ಸೇಬು ಕೊಟ್ಟಳು, ತಿಂದರು.

ಅಜ್ಜಿ ಮುಂದಿನ ಮಾರ್ಚ್‌ನಲ್ಲಿ ತೀರಿಕೊಂಡಳು. ಗಂಡನ ಪಕ್ಕ ಜಾಗ ಖಾಲಿ ಇರುವಾಗ ಹೆಂಡತಿಯನ್ನು ಬೇರೆ ಕಡೆ ಹೂಳುವುದೇಕೆಂದು ಕಚೇರಿಯವರು ಕೇಳಿದರು. ರೈಜ಼ಲ್ ಠರಾವನ್ನು ಅನುವಾದಿಸಿದಳು, ಅವಳ ಮೇಷ್ಟ್ರು ಲಿಂಡ್‌ಕ್ವಿಸ್ಟ್ ಅದಕ್ಕೆ ಸಹಿ ಹಾಕಿದರು. ಮಣ್ಣಿಗೂ ಬಂದರು. ಸರದಿ ಬಂದಾಗ ನಮ್ಮ ಪದ್ಧತಿಯಂತೆ ಸಲಿಕೆಯನ್ನು ಬೋರಲು ಹಿಡಿದು ಮಣ್ಣು ಹಾಕಿದರು. ಅಪ್ಪ ನೆಟ್ಟಗೆ ಹಿಡಿದಿದ್ದರು. ಮೇಷ್ಟ್ರನ್ನು ನೋಡಿ ತಾವೂ ತಿರುಗಿಸಿಕೊಂಡರು.

ಜೂನ್ ತಿಂಗಳಲ್ಲಿ ಸಂಘದ ಸಭೆ ನಮ್ಮ ಮನೆಯಲ್ಲೇ ನಡೆಯಿತು. ಉಳಿದಿದ್ದ ಸದಸ್ಯರು ಇಬ್ಬರು. ಜ಼ುಕರ್‌ಬ್ರಾನ್ ರೈಜ಼ಲ್‌ಳನ್ನು ಕಾರ್ಯದರ್ಶಿ ಮಾಡಬೇಕೆಂದು ಸೂಚಿಸಿದರು. ಇನ್ನೊಬ್ಬರು ನಿದ್ದೆಯಲ್ಲಿದ್ದುದರಿಂದ ವಿರೋಧ ಬರಲಿಲ್ಲ. ಅವಳು ಪುಸ್ತಕ ಬಿಚ್ಚಿ ತಾರೀಕು ಬರೆದಳು.

ಬಾಗಿಲಲ್ಲಿ ನಿಂತಿದ್ದ ಅಪ್ಪ ಒಳಗೆ ಬಂದರು. "ನಾನೂ ಸದಸ್ಯ ಆಗಬೇಕು ಅಂತಿದೀನಿ. ಅಪ್ಪನ ಪಕ್ಕದ ಜಾಗಕ್ಕೆ."

"ಅರ್ಜಿ ಯಿದ್ದಿಷಲ್ಲಿರಬೇಕು," ಎಂದಳು ರೈಜ಼ಲ್, ಬರೆಯುತ್ತಲೇ. "ಮುಂದಿನ ಸಭೆ ಹೊತ್ತಿಗೆ ಕೊಡಿ. ನಾನು ಹೇಳ್ಕೊಡ್ತೀನಿ, ಆದ್ರೆ ಬರೆಯೋದು ನೀವೇ."