ಮರ್ವಿನ ಬೋಲ್ಟು, ನನ್ನ ರಬ್ಬರು

ಊಟದ ಹೊತ್ತಿಗೆ ನೀನೇ ಗ್ಯಾರೇಜಿಗೆ ಫೋನ್ ಮಾಡ್ತೀಯ ನೋಡ್ತಾ ಇರು ಗ್ಲೆನಿಸ್, ಅಂತಾನೆ ಮರ್ವ್, ಕಾರಿನ ಕೆಳಗೆ ಮಲಗಿದ ನನಗೆ ಕಾಣುವುದು ಗಂಡನ ಎರಡು ಚಪ್ಪಲಿ ಮಾತ್ರ, ಚಪ್ಪಲಿಗೂ ಅಣಕಿಸಲು ಬರುತ್ತದೆ ಅಂತ ಈವತ್ತು ಗೊತ್ತಾಯಿತು — ತುಕ್ಕಿನ ಪುಡಿ ಕಣ್ಣಿಗೆ ಬಿತ್ತು, ನೀಲಿ ಬಟ್ಟೆ ಎಲ್ಲಿ, ಇಲ್ಲಿದೆ, ಕಾರ್ಖಾನೆಯ ಅಂಗಿ, ಜೇಬಿನ ಮೇಲೆ ಕೆಂಪು ದಾರದಲ್ಲಿ ನನ್ನ ಹೆಸರು, ಅಂಗಿ ಹರಿದು ಒರೆಸುವ ಬಟ್ಟೆಯಾಯಿತು, ದಾರ ಮಾತ್ರ ಬಿಟ್ಟಿಲ್ಲ — ಹಳೆಯ ಸೈಲೆನ್ಸರು ಕೊಳವೆ ಸಮೇತ ಹುಲ್ಲಿನ ಮೇಲೆ ಬಿದ್ದಿದೆ, ಹೊಸದು ನನ್ನ ಎದೆಯ ಮೇಲೆ, ತಣ್ಣಗೆ, ಭಾರವಾಗಿ, ಹನ್ನೊಂದು ವರ್ಷ ಎಲಿಜಬೆತ್ ಊರಿನ ಕಾರು ಕಾರ್ಖಾನೆಯ ಆ ಉದ್ದ ಸಾಲಿನಲ್ಲಿ ಕಾರುಗಳು ತಲೆಯ ಮೇಲೆ ಸರಿಯುತ್ತಿದ್ದವು, ಒಂದೊಂದಕ್ಕೆ ಒಂದೂವರೆ ನಿಮಿಷ, ಮುಂದಿನ ಮೂರು ಬೋಲ್ಟು ಮರ್ವಿನದು, ಹೊಗೆ ಕೊಳವೆಯ ಬಾಲ ತೂಗುವ ರಬ್ಬರು, ಬಿಗಿಯುವ ಕ್ಲಾಂಪು ನನ್ನದು, ನಡುವೆ ಹನ್ನೆರಡು ಅಡಿ ಕೊಳವೆ, ಅದರ ಗುಂಟ ನೋಡುತ್ತ ನೋಡುತ್ತಲೇ ಮದುವೆಯಾದೆವು, ಆದರೂ ಅವನ ತುದಿ ನಾನು ಮುಟ್ಟಿದವಳಲ್ಲ, ನನ್ನದು ಅವನು ಮುಟ್ಟಿದವನಲ್ಲ, ಕಾರ್ಖಾನೆ ಮುಚ್ಚಿದ ಮೇಲೆ ಕೆಲಸ ಕೊಡಿಸುವ ಕಚೇರಿಯ ಹುಡುಗಿ ಪೆನ್ನು ಹಿಡಿದು ಕೇಳಿದಳು, ಏನೇನು ಕೆಲಸ ಬರುತ್ತೆ ನಿಮಗೆ, ಬಾಲದ ರಬ್ಬರು ಹಾಕೋದು, ಆಮೇಲೆ, ಆಮೇಲೆ ಏನಿಲ್ಲಮ್ಮ, ಅಷ್ಟೇನಾ — ಪಾಪ, ಕೆಟ್ಟವಳಲ್ಲ, ಆದರೆ ಆ ಅಷ್ಟೇನಾ ಇನ್ನೂ ಕಿವಿಯಲ್ಲೇ ಕೂತಿದೆ, ಅದಕ್ಕೇ ಈವತ್ತು ಮುಂದಿನಿಂದ ಹಿಂದಿನ ತನಕ ನಾನೇ, ಮರ್ವಿಗೆ ಭುಜ ಮೇಲೇಳುವುದಿಲ್ಲ, ಎದ್ದಿದ್ದರೂ ಬಿಡುತ್ತಿರಲಿಲ್ಲ.

ರಬ್ಬರಿಗೆ ಸೋಪಿನ ನೀರು, ಹೆಬ್ಬೆರಳ ಒಂದು ತಿರುವು, ಟಪ್, ಕೈ ಮರೆತಿಲ್ಲ ನೋಡು, ಕ್ಲಾಂಪು ಬಿಗಿ, ಇನ್ನೂ ಬಿಗಿ, ತೆವಳಿ ಮುಂದಕ್ಕೆ ಬಂದರೆ — ಅಯ್ಯೋ, ಮುಂದಿನ ಬೋಲ್ಟಿನ ತೂತುಗಳು ಒಂದು ಬೆರಳು ಆಚೆ, ತಳ್ಳಿದರೂ ಜಗ್ಗಿದರೂ ಕೊಳವೆ ಅಲುಗುವುದಿಲ್ಲ, ಏನಾಯ್ತೇ, ಹೊಂದ್ತಾ ಇಲ್ಲ, ಫೋನ್ ತಂದುಕೊಡ್ಲಾ, ನೀನು ಒಳಗೆ ಹೋಗಿ ಓವನ್ನಿನಲ್ಲಿಟ್ಟ ಪೇಸ್ಟಿ ಕಡುಬು ನೋಡು, ಸುಟ್ಟರೆ ನಿನ್ನ ತಲೆ ಮೇಲೆ — ನಾನು ನನ್ನ ಕ್ಲಾಂಪನ್ನೇ ನೋಡುತ್ತೇನೆ, ಎಷ್ಟು ಚೆನ್ನಾಗಿ ಬಿಗಿದಿದ್ದೇನೆ, ಅದೇ ತಪ್ಪು, ಸಾಲಿನಲ್ಲಿ ಒಂದೂವರೆ ನಿಮಿಷಕ್ಕೆ ಕಾರು ಹೊರಟುಹೋಗುತ್ತಿತ್ತು, ಕಂಡ ಕೂಡಲೇ ಬಿಗಿಯಬೇಕಿತ್ತು, ಈ ಕಾರು ಎಲ್ಲಿಗೆ ಹೋಗುತ್ತದೆ, ಎಲ್ಲ ಸಡಿಲ ಬಿಟ್ಟು, ಹೊಂದಿಸಿ, ಆಮೇಲೆ ಬಿಗಿಯಬೇಕಿತ್ತು ಪೆದ್ದಿ, ಹನ್ನೊಂದು ವರ್ಷದಲ್ಲಿ ನಾನು ಬಿಗಿದದ್ದನ್ನು ನಾನೇ ಬಿಚ್ಚಿದ್ದಿಲ್ಲ, ಕೈಗೆ ಎಡಕ್ಕೆ ತಿರುಗುವುದೇ ಗೊತ್ತಿಲ್ಲ, ಕ್ಲಾಂಪು ಕರ್ ಎಂದಿತು, ಬಿಟ್ಟಿತು, ಕೊಳವೆ ತಾನಾಗಿ ಸರಿದು ಬಂದು ತೂತಿನ ಎದುರು ತೂತು ನಿಂತಿತು.

ಸಿಕ್ತು, ಎಂದೆ. ಚಪ್ಪಲಿ ಮುಂದಿನ ಚಕ್ರದ ಹತ್ತಿರ ಬಂತು. ಮರ್ಯಾದೆಯಿಂದ ಟೋಪಿ ತೆಗೆದು ಮುಟ್ಟು, ಅದು ನನ್ನ ಜಾಗ, ಅಂತಾನೆ. ಟೋಪಿ ಹಾಕಿಲ್ಲ ಮಾರಾಯ. ಮೇಲಿನ ಬೋಲ್ಟು ಮೊದಲು, ಪೂರ್ತಿ ಬೇಡ, ಮೂರಕ್ಕೂ ಸ್ವಲ್ಪ ಸ್ವಲ್ಪ — ಅವನ ಧ್ವನಿ ಬೇರೆಯಾಗಿದೆ, ಕೀಟಲೆಯಿಲ್ಲ, ಓ, ಇದಾ ನಿನ್ನ ಗುಟ್ಟು, ಹನ್ನೆರಡು ಅಡಿ ದೂರದಿಂದ ಇಷ್ಟು ವರ್ಷ ಕಾಣಿಸಿರಲಿಲ್ಲ, ಮೂರೂ ಬಿಗಿದೆ, ಆಮೇಲೆ ನನ್ನ ಬಾಲ, ಈಗ ಬಿಗಿ, ಈಗ ಎಷ್ಟು ಬೇಕಾದರೂ.

ಎಂಜಿನ್ನು ಶುರುವಾಯಿತು, ಮರ್ವ್ ಮಂಡಿಯೂರಿ ಮುಂದಿನ ಚಕ್ರದ ಹತ್ತಿರ ಕಿವಿ ಇಟ್ಟಿದ್ದಾನೆ, ನಾನು ಹಿಂದೆ ಕುಕ್ಕರಗಾಲಲ್ಲಿ, ನೀಲಿ ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಕೊಳವೆಯ ಬಾಯಿಗೆ ಒತ್ತುತ್ತೇನೆ, ಎಲ್ಲಾದರೂ ಸಂದಿದ್ದರೆ ಗಾಳಿ ಅಲ್ಲಿಂದ ಉಸ್ಸೆನ್ನುತ್ತದೆ, ಇಲ್ಲದಿದ್ದರೆ ಎಂಜಿನ್ನಿಗೇ ಉಸಿರು ಕಟ್ಟುತ್ತದೆ — ಉಸ್ ಅಂತಿದೆಯಾ, ಇಲ್ಲ, ಸರಿಯಾಗಿ ಕೇಳಿಸ್ಕೋ, ನನ್ನ ಬೋಲ್ಟು ನನಗೆ ಗೊತ್ತಿಲ್ವೇನೇ, ನಿನ್ನದಲ್ಲ ಮರ್ವ್, ಈಗ ಅದು ನನ್ನದು — ಅಂಗೈಗೆ ಬಿಸಿ, ಬಟ್ಟೆ ಉಬ್ಬುತ್ತದೆ, ಒತ್ತುತ್ತೇನೆ, ಎಂಜಿನ್ನು ಕೆಮ್ಮಿತು, ಇನ್ನೊಮ್ಮೆ, ಉಸಿರು ಕಟ್ಟಿ ನಿಂತಿತು, ಬಟ್ಟೆ ಬಿಡಿಸಿ ನೋಡಿದರೆ ನೀಲಿಯ ಮೇಲೆ ಕಪ್ಪು ಉಂಗುರ, ಗುಂಡಗೆ, ಎಲ್ಲೂ ಕಡಿದಿಲ್ಲ, ನಡುವೆ ಕೆಂಪು ದಾರದ ಗ್ಲೆನಿಸ್.