ಹಸಿರು ಬ್ರಷ್

ಅಕ್ಕ ತಮ್ಮ ಒಂದೇ ಸೂರಿನಡಿ ಬದುಕುತ್ತಿದ್ದರು ಅಂದರೆ ಅದು ಪ್ರೀತಿಯಿಂದಲ್ಲ. ಅಪ್ಪ ಸಾಯುವಾಗ ಮನೆಯನ್ನು ಇಬ್ಬರ ಹೆಸರಿಗೂ ಬರೆದಿಟ್ಟು ಹೋಗಿದ್ದ, ಅದಕ್ಕೆ. ಒಳಗಿನ ಕೋಣೆಗಳು ಅಕ್ಕನವು, ಬೀದಿ ಕಡೆಯ ಕೋಣೆ ತಮ್ಮನದು, ನಡುವಿನ ಹಜಾರ ಯುದ್ಧಭೂಮಿ.

ಅಕ್ಕ ದೊಡ್ಡಾಸ್ಪತ್ರೆಯಲ್ಲಿ ಶುಚಿ ಕೆಲಸದವರ ಮೇಲ್ವಿಚಾರಕಿಯಾಗಿದ್ದು ನಿವೃತ್ತಳಾದವಳು. ಒರೆಸಿದ ನೆಲವನ್ನು ಬೆರಳಿನಿಂದ ಉಜ್ಜಿ, ಬೆರಳನ್ನು ಬೆಳಕಿಗೆ ಹಿಡಿದು ನೋಡಿ, ‘ಇನ್ನೊಂದ್ಸಲ’ ಅನ್ನುವುದು ಅವಳ ಅಭ್ಯಾಸ. ಅವಳ ಕೈಕೆಳಗೆ ಬೆವರು ಸುರಿಸಿದವರೆಲ್ಲ ಸೇರಿ ಇಟ್ಟ ಹೆಸರು ಫಿನಾಯಿಲಕ್ಕ. ಅವಳಿಗೆ ಅದು ಗೊತ್ತಿತ್ತು. ಬೈಗುಳ ಎಂದು ಇಟ್ಟದ್ದನ್ನು ಬಿರುದು ಎಂದು ಹೊತ್ತು ತಿರುಗಿದಳು.

ಆಸ್ಪತ್ರೆಯ ಕಾನೂನು ಅವಳ ಜೊತೆ ಮನೆಗೂ ಬಂತು. ಹಿತ್ತಿಲ ಗೋಡೆಯಲ್ಲಿ ಮೂರು ಮೊಳೆ, ಮೂರು ಬ್ರಷ್ಷು. ಕೆಂಪು ಕಕ್ಕಸಿಗೆ, ನೀಲಿ ನೆಲಕ್ಕೆ, ಹಸಿರು ಅಡುಗೆಮನೆಗೆ. ಒಂದರ ಕೆಲಸಕ್ಕೆ ಇನ್ನೊಂದನ್ನು ಮುಟ್ಟಿದರೆ ಮುಟ್ಟಿದವರ ಏಳು ತಲೆಮಾರನ್ನು ಜಾಲಾಡಿಬಿಡುತ್ತಿದ್ದಳು. ಇಂಥ ಮನೆಯಲ್ಲಿ ತಮ್ಮ ಒಂದು ನಾಯಿ ಸಾಕಿದ್ದ.

ತಮ್ಮ ಬಸ್ಸು ಓಡಿಸಿ ನಿವೃತ್ತನಾದವನು. ಡಿಪೋದಲ್ಲಿ ಬಸ್ಸಿನಡಿ ಸಿಕ್ಕ ಮರಿಯನ್ನು ತಂದು ಅದಕ್ಕೆ ಕಂಡಕ್ಟರ್ ಎಂದು ಹೆಸರಿಟ್ಟಿದ್ದ. ‘ಇಷ್ಟು ವರ್ಷ ಕಂಡಕ್ಟರ್ ಸೀಟಿ ಊದಿದಾಗ ನಾನು ಹೊರಟೆ, ಇನ್ಮೇಲೆ ನಾನು ಸೀಟಿ ಊದಿದಾಗ ಕಂಡಕ್ಟರ್ ಹೊರಡ್ಲಿ’ ಎಂದು ನಗುತ್ತಿದ್ದ. ಈಗ ಅದಕ್ಕೂ ವಯಸ್ಸಾಗಿತ್ತು, ಹಿಂಗಾಲು ಎಳೆಯುತ್ತಿತ್ತು. ಬೆಳಗಿನ ತಿರುಗಾಟ ಮುಗಿಸಿ ಇಬ್ಬರೂ ಹೊಸ್ತಿಲ ಬಳಿ ಬಂದರೆ ಫಿನಾಯಿಲಕ್ಕ ಅಡ್ಡ ನಿಂತಿರುತ್ತಿದ್ದಳು.

“ಮೊದಲು ಕೈ ತೊಳ್ಕೊಂಡು ಬಾ.”

ತಮ್ಮ ಅಂಗಳದ ನಲ್ಲಿಯಲ್ಲಿ ತೊಳೆದು ಬಂದು ಅಂಗೈ ಚಾಚುತ್ತಿದ್ದ. ಅವಳು ಮೂಸಿ ನೋಡುತ್ತಿದ್ದಳು. ಹೌದು, ಮೀಸೆ ನರೆತ ಗಂಡಸಿನ ಕೈಯನ್ನು ಬೀದಿಯ ಜನ ನೋಡುತ್ತಿರುವಾಗಲೇ ಮೂಸುತ್ತಿದ್ದಳು.

“ಸರಿಯಾಗಿ ತೊಳೆದಿಲ್ಲ. ಇನ್ನೊಂದ್ಸಲ.”

ಅವನು ಮತ್ತೆ ನಲ್ಲಿಗೆ ಹೋಗುತ್ತಿದ್ದ. ಹೋಗುವಾಗ ಹಲ್ಲು ಕಡಿಯುವ ಸದ್ದು ಹಜಾರದವರೆಗೂ ಕೇಳುತ್ತಿತ್ತು.

ಹಾಗಂತ ಫಿನಾಯಿಲಕ್ಕನಿಗೆ ಪ್ರಾಣಿಗಳೆಂದರೆ ಆಗದು ಎನ್ನುವಂತಿರಲಿಲ್ಲ. ಅವಳೂ ಒಂದನ್ನು ಸಾಕಿದ್ದಳು. ನಿವೃತ್ತಿಯ ದಿನ ಕೈಕೆಳಗಿನವರು ಒಂದು ಗಾಜಿನ ತೊಟ್ಟಿ, ಅದರೊಳಗೆ ಅಂಗೈಯಗಲದ ಆಮೆ ಕೊಟ್ಟು ಕಳಿಸಿದ್ದರು. ಪ್ರೀತಿಗೆ ಕೊಟ್ಟರೋ ಕುಚೋದ್ಯಕ್ಕೆ ಕೊಟ್ಟರೋ, ಅವಳಂತೂ ಕಣ್ಣಿಗೊತ್ತಿಕೊಂಡಳು. ಕೂದಲು ಉದುರಿಸುವುದಿಲ್ಲ, ಬೊಗಳುವುದಿಲ್ಲ, ಕಂಬ ಕಂಡಲ್ಲಿ ಕಾಲೆತ್ತುವುದಿಲ್ಲ. ‘ಇಪ್ಪತ್ನಾಲ್ಕು ಗಂಟೆ ನೀರಲ್ಲಿರೋದಕ್ಕೆ ಕೊಳೆ ಎಲ್ಲಿಂದ ಬರ್ಬೇಕು?’ ಎಂದು ಬಂದವರನ್ನೆಲ್ಲ ಕೇಳುತ್ತಿದ್ದಳು. ಬಂಗಾರಿ ಎಂದು ಕರೆಯುತ್ತಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಇವಳು ತಾನು ಹೆರದ ಆಮೆಯನ್ನೂ ಮುದ್ದು ಮಾಡಿದಳು.

ಬಂಗಾರಿಯ ತೊಟ್ಟಿಯನ್ನು ದಿನಾ ತೊಳೆಯಬೇಕು. ಎಲ್ಲಿ ತೊಳೆಯುವುದು? ಬಚ್ಚಲಿನಲ್ಲಿ ತಮ್ಮ ವಾರಕ್ಕೊಮ್ಮೆ ನಾಯಿ ಮೀಯಿಸುತ್ತಾನೆ. ನಾಯಿ ಮಿಂದ ಬಚ್ಚಲಿಗೆ ಬಂಗಾರಿಯ ತೊಟ್ಟಿ ಇಳಿಸುವುದುಂಟೇ! ಹಿತ್ತಿಲಿನಲ್ಲಿ ಅದೇ ನಾಯಿ ಮಲಗುತ್ತದೆ. ಇಡೀ ಮನೆಯಲ್ಲಿ ನಲ್ಲಿಯಿದ್ದೂ ನಾಯಿಯ ನೆರಳು ಬೀಳದ ಜಾಗವೆಂದರೆ ಅಡುಗೆಮನೆ ಒಂದೇ. ಹಾಗಾಗಿ ಆಮೆಯನ್ನು ಅಡುಗೆ ಕಟ್ಟೆಯ ಮೇಲೆ ಅಡ್ಡಾಡಲು ಬಿಟ್ಟು, ತೊಟ್ಟಿಯನ್ನು ಸಿಂಕಿಗಿಳಿಸಿ, ಹಸಿರು ಬ್ರಷ್ಷಿನಲ್ಲಿ ತಿಕ್ಕುತ್ತಿದ್ದಳು. ಫಿನಾಯಿಲ್ ಮಾತ್ರ ಹಾಕುತ್ತಿರಲಿಲ್ಲ. ಪಾಪದ ಜೀವ, ತಡೆಯಲಿಕ್ಕಿಲ್ಲ ಎಂದು ಬರೀ ನೀರು.

ಇದಿಷ್ಟೇ ಆಗಿದ್ದರೆ ಮೂರು ಮುದಿಜೀವ, ಒಂದು ಆಮೆ ಹೇಗೋ ಕಚ್ಚಾಡಿಕೊಂಡು ಕಾಲ ಹಾಕುತ್ತಿದ್ದವು. ಆದರೆ ಫಿನಾಯಿಲಕ್ಕನ ಮಗಳು ಕೂಸನ್ನೆತ್ತಿಕೊಂಡು ಬಂದು ಸೇರಿದಳು. ಅಳಿಯನಿಗೆ ಹಡಗಿನಲ್ಲಿ ಕೆಲಸ, ಮಗಳಿಗೆ ಬ್ಯಾಂಕಿನ ಕೌಂಟರಿನಲ್ಲಿ. ಅವಳು ಕೆಲಸಕ್ಕೆ ಹೋದಾಗ ಕೂಸನ್ನು ಅಜ್ಜಿಯೇ ನೋಡಿಕೊಳ್ಳಬೇಕು. ಅಂಬೆಗಾಲಿಡುವ ಮೊಮ್ಮಗಳನ್ನು ಕಂಡು ಫಿನಾಯಿಲಕ್ಕನ ಮುಖದಲ್ಲಿ ಯಾರೂ ಕಂಡಿರದ ನಗು ಕಾಣಿಸಿತು. ಆ ನಗು ಜಾಸ್ತಿ ದಿನ ಬಾಳಲಿಲ್ಲ.

ಕೂಸಿಗೆ ಭೇದಿ ಶುರುವಾಯಿತು. ಬೀದಿ ಕೊನೆಯ ಕ್ಲಿನಿಕ್ಕಿನವರು ಪುಡಿ ಕಲಸಿದ ನೀರು ಕುಡಿಸಲು ಹೇಳಿದರು, ನಿಂತಿತು. ಸ್ವಲ್ಪ ದಿನಕ್ಕೆ ಮತ್ತೆ ಬಂತು. ಅದೇ ಬೆಳಿಗ್ಗೆ ಫಿನಾಯಿಲಕ್ಕ ಹಜಾರಕ್ಕೆ ಬಂದು ನೋಡಿದರೆ ಕಂಡಕ್ಟರ್ ಕೂಸಿನ ಅಂಗಾಲು ನೆಕ್ಕುತ್ತಿದೆ, ಕೂಸು ಕೇಕೆ ಹಾಕುತ್ತಿದೆ, ತಮ್ಮ ಪಕ್ಕದಲ್ಲಿ ಕೂತು ಹಲ್ಲು ಕಿರಿಯುತ್ತಿದ್ದಾನೆ. ಅವಳ ಮೈಯೆಲ್ಲ ಉರಿದುಹೋಯಿತು.

“ನೋಡ್ದ್ಯಾ! ಇಲ್ಲಿಂದಾನೇ ಬಂದಿರೋದು! ಆ ಬಾಯಿ ಎಲ್ಲೆಲ್ಲಿ ಹೋಗಿ ಬಂದಿರುತ್ತೋ! ಹುಳ, ಉಣ್ಣೆ, ಕಜ್ಜಿ, ಏನಿಲ್ಲ ಅದರ ಮೈಮೇಲೆ?”

“ಉಣ್ಣೆ ಒಂದೂ ಇಲ್ಲ. ಹುಳದ ಮಾತ್ರೆ ಕೊಡಿಸ್ತೀನಿ, ಚುಚ್ಚುಮದ್ದು ಹಾಕಿಸ್ತೀನಿ. ನೆಕ್ಕಿಸಿದ್ದು ತಪ್ಪು, ಒಪ್ಕೋತೀನಿ. ಇನ್ಮೇಲೆ ಕಟ್ಟಿ ಹಾಕ್ತೀನಿ.”

“ಕಟ್ಟೋದು ಬೇಡ. ಓಡಿಸು. ಇಲ್ಲಿ ನಾಯಿ ಇರ್ಬೇಕು, ಇಲ್ಲ ನನ್ನ ಮೊಮ್ಮಗಳಿರ್ಬೇಕು.”

“ಈ ವಯಸ್ಸಲ್ಲಿ ಅದನ್ನ ಎಲ್ಲಿಗೆ ಓಡಿಸ್ಲಿ ಅಕ್ಕಾ? ಅದು ಹೋದ್ರೆ ನಾನೂ ಹೋಗ್ತೀನಿ.”

“ಹೋಗು. ನಿನ್ನ ಕಾಲು ಹಿಡ್ಕೊಂಡು ಯಾರೂ ಕೂತಿಲ್ಲ.”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ,” ಎಂದ ತಮ್ಮ. ಆಮೇಲೆ ಟ್ರಂಕು ಹೊರಕ್ಕೆಳೆದ. ಡಿಪೋದ ಹಿಂದೆ ಹಳೆಯ ಗೆಳೆಯನೊಬ್ಬನ ಗ್ಯಾರೇಜಿತ್ತು, ಅದರ ಪಕ್ಕದ ತಗಡಿನ ಕೋಣೆಗೆ ಹೋದ. ನಾಯಿ ಹಿಂಗಾಲು ಎಳೆಯುತ್ತಾ ಹಿಂದೆಯೇ ಹೋಯಿತು. ಮಗಳು ಬ್ಯಾಂಕಿನಿಂದ ಬಂದು ವಿಷಯ ಕೇಳಿ ಕಣ್ಣೀರು ಹಾಕಿದಳು. “ನಾಯಿಗೋಸ್ಕರ ಅಳ್ತೀಯಾ, ಮಗೂಗೋಸ್ಕರ ಅಳ್ತೀಯಾ?” ಎಂದು ತಾಯಿ ಕೇಳಿದ ಮೇಲೆ ಕಣ್ಣೊರೆಸಿಕೊಂಡು ಕೂಸನ್ನೆತ್ತಿಕೊಂಡಳು.

ಗೆದ್ದ ಸೈನ್ಯ ಊರು ಸೂರೆ ಮಾಡುವಂತೆ ಫಿನಾಯಿಲಕ್ಕ ತಮ್ಮನ ಕೋಣೆಗೆ ನುಗ್ಗಿದಳು. ಹಾಸಿಗೆ ಬಿಸಿಲಿಗೆಸೆದಳು, ನಾಯಿಯ ಕಂಬಳಿ ಸುಟ್ಟಳು, ಗೋಡೆಗೂ ಫಿನಾಯಿಲ್ ಬಳಿದಳು. ಬೀದಿಯ ತಿರುವಿಗೇ ಮೂಗು ಮುಚ್ಚಿಕೊಳ್ಳುವಷ್ಟು ವಾಸನೆ. ಕೂಸು ಇರುವ ಮನೆ ಎಂದು ಬಂಗಾರಿಯ ತೊಟ್ಟಿಯನ್ನೂ ಈಗ ಎರಡು ಹೊತ್ತು ತೊಳೆಯತೊಡಗಿದಳು. ಕೂಸಿನ ಹಾಲಿನ ಬಾಟಲಿಗಳನ್ನು ಚೆನ್ನಾಗಿ ಕುದಿಸುತ್ತಿದ್ದಳು, ಅದರಲ್ಲಿ ಅವಳನ್ನು ಯಾರೂ ದೂರುವಂತಿರಲಿಲ್ಲ. ಕುದಿಸಿ, ಅಡುಗೆ ಕಟ್ಟೆಯನ್ನು ಒರೆಸಿ, ಅದರ ಮೇಲೆ ಬಾಟಲಿಗಳನ್ನು ಬೋರಲು ಹಾಕುತ್ತಿದ್ದಳು. ಒರೆಸುವ ಬಟ್ಟೆ ಬಂಗಾರಿಯ ಚಿಪ್ಪನ್ನು ಒರೆಸಿದ್ದೇ. ಬಂಗಾರಿ ಬಾಟಲಿಗಳ ನಡುವೆ ನಿಧಾನವಾಗಿ ಓಡಾಡುತ್ತಿತ್ತು.

ನಾಯಿ ಹೋಯಿತು, ಭೇದಿ ಹೋಗಲಿಲ್ಲ. ಈ ಸಲ ಜ್ವರವೂ ಬಂತು, ಮಲದಲ್ಲಿ ರಕ್ತ ಕಂಡಿತು. ಕೂಸು ಅಳುವುದನ್ನೂ ನಿಲ್ಲಿಸಿ ಒದ್ದೆ ಬಟ್ಟೆಯಂತೆ ತೋಳಿನ ಮೇಲೆ ಬಿದ್ದುಕೊಂಡಿತು. ತಾಯಿ ಮಗಳು ಇಬ್ಬರೂ ದೊಡ್ಡಾಸ್ಪತ್ರೆಗೆ ಓಡಿದರು.

ಪುಟ್ಟ ಪಾದಕ್ಕೆ ಡ್ರಿಪ್ಪಿನ ಸೂಜಿ ಹಾಕಿದರು. ಮಕ್ಕಳ ಡಾಕ್ಟರು ಒಬ್ಬ ಹೆಂಗಸು, ಮಾತಿನಲ್ಲಿ ಮುಲಾಜಿಲ್ಲದವರು. ಮಲ, ರಕ್ತ ಎರಡರ ಪರೀಕ್ಷೆ ಬಂದ ಮೇಲೆ ಇವರನ್ನು ಕರೆದರು.

“ಸಾಲ್ಮೊನೆಲ್ಲಾ ಅನ್ನೋ ರೋಗಾಣು. ಕರುಳಿಂದ ರಕ್ತಕ್ಕೂ ಇಳಿದಿದೆ. ಔಷಧಿ ಶುರು ಮಾಡಿದೀವಿ, ಆದ್ರೆ ಮೂಲ ಗೊತ್ತಾಗ್ಬೇಕು. ಮನೇಲಿ ಯಾವ ಪ್ರಾಣಿ ಸಾಕಿದೀರ?”

ಫಿನಾಯಿಲಕ್ಕ ಇದಕ್ಕೇ ಕಾದಿದ್ದಳು. “ಒಂದು ದರಿದ್ರ ನಾಯಿ ಇತ್ತು ಡಾಕ್ಟ್ರೇ. ಓಡಿಸಿದೀನಿ. ಈಗ ಒಂದು ನೊಣಾನೂ ಇಲ್ಲ.”

“ನಾಯಿಯಿಂದ್ಲೂ ಬರ್ಬಹುದು, ಇಲ್ಲ ಅನ್ನಲ್ಲ. ಆದ್ರೆ ಅದು ಹೋದ್ಮೇಲೆ ಹೆಚ್ಚಾಗಿದೆ ಅಂತೀರಲ್ಲ? ಕೋಳಿ, ಗಿಳಿ, ಹಲ್ಲಿ ಜಾತಿದು ಏನಾದ್ರೂ?”

“ಅಮ್ಮಾ,” ಎಂದಳು ಮಗಳು. “ಆಮೆ?”

“ಥೂ, ಅದೂ ಒಂದು ಪ್ರಾಣಿನಾ!”

ಡಾಕ್ಟರು ಪೆನ್ನು ಕೆಳಗಿಟ್ಟರು. ಎಲ್ಲಿಟ್ಟಿದ್ದೀರಿ, ಎಲ್ಲಿ ತೊಳೆಯುತ್ತೀರಿ, ಯಾವುದರಲ್ಲಿ ತೊಳೆಯುತ್ತೀರಿ ಎಂದು ಒಂದೊಂದೇ ಕೇಳಿದರು. ಫಿನಾಯಿಲಕ್ಕ ಮೊದಲು ಹೆಮ್ಮೆಯಿಂದ, ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು. ಹಸಿರು ಬ್ರಷ್ ಎಂಬಲ್ಲಿಗೆ ಬಂದಾಗ ತನ್ನ ಅಂಗೈಗಳನ್ನು ಸೆರಗಿಗೆ ಒರೆಸಿಕೊಂಡಳು.

“ಆಮೆಗೆ ಏನೂ ಆಗಲ್ಲ. ಅದು ಚೆನ್ನಾಗೇ ಇರುತ್ತೆ. ಅದರ ಹೊಟ್ಟೆಯಿಂದ ನೀರಿಗೆ, ನೀರಿಂದ ಚಿಪ್ಪಿಗೆ, ಚಿಪ್ಪಿಂದ ನಿಮ್ಮ ಕೈಗೆ. ಸಣ್ಣ ಮಕ್ಕಳಿರೋ ಮನೇಲಿ ಇಡ್ಲೇಬಾರ್ದು. ತೊಟ್ಟಿ ನೀರು ಒಂದು ಬಾಟ್ಲಿ ತನ್ನಿ, ಪರೀಕ್ಷೆ ಮಾಡ್ಸೋಣ.”

ಫಿನಾಯಿಲಕ್ಕ ಆಸ್ಪತ್ರೆಯವರು ಕೊಟ್ಟ ಬಾಟಲಿ ಹಿಡಿದು ಮನೆಗೆ ಬಂದಳು. ಅಡುಗೆಮನೆಯಲ್ಲಿ ತೊಟ್ಟಿಯ ಮುಂದೆ ನಿಂತಳು. ಬಂಗಾರಿ ಕತ್ತು ಚಾಚಿ ಅವಳನ್ನೇ ನೋಡುತ್ತಿತ್ತು. ನಲ್ಲಿ ಮೊಳ ದೂರದಲ್ಲಿತ್ತು. ನಲ್ಲಿಯ ನೀರು ತುಂಬಿಸಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ನಾಯಿಯ ತಪ್ಪು ನಾಯಿಯದಾಗಿಯೇ ಉಳಿಯುತ್ತದೆ, ತಮ್ಮ ತಗಡಿನ ಕೋಣೆಯಲ್ಲೇ ಇರುತ್ತಾನೆ, ಇಷ್ಟು ವರ್ಷದ ಬಿರುದು ಬಿರುದಾಗಿಯೇ ಇರುತ್ತದೆ. ಬಾಟಲಿಯ ಬಾಯನ್ನು ನಲ್ಲಿಯ ಕೆಳಗೆ ಹಿಡಿದದ್ದೂ ಆಯಿತು. ಸಿಂಕಿನ ಪಕ್ಕದಲ್ಲಿ ಕೂಸಿನ ಬಾಟಲಿಗಳು ಬೋರಲು ಬಿದ್ದಿದ್ದವು. ಕೈ ಹಿಂದಕ್ಕೆಳೆದಳು. ಆಸ್ಪತ್ರೆಯ ಬಾಟಲಿಯನ್ನು ತೊಟ್ಟಿಗೇ ಅದ್ದಿ ತುಂಬಿಸಿಕೊಂಡು ಹೋದಳು.

ಕೂಸಿನ ರಕ್ತದಲ್ಲಿದ್ದ ರೋಗಾಣುವೇ ಆ ನೀರಿನಲ್ಲೂ ಇತ್ತು. ವಾರ್ಡು ಒರೆಸುತ್ತಿದ್ದ ಹೆಂಗಸೊಬ್ಬಳು, ಒಂದು ಕಾಲಕ್ಕೆ ಇದೇ ಫಿನಾಯಿಲಕ್ಕನ ಮಾತಿಗೆ ಒಂದೇ ಮೆಟ್ಟಿಲನ್ನು ಮತ್ತೆ ಮತ್ತೆ ಒರೆಸಿ ಅತ್ತವಳು, ಎಲ್ಲವನ್ನೂ ಕೇಳಿಸಿಕೊಂಡಳು. ಮಧ್ಯಾಹ್ನದ ಊಟದ ಹೊತ್ತಿಗೆ ಸುದ್ದಿ ಮಹಡಿ ಮಹಡಿ ಹತ್ತಿತ್ತು. ಕಾರಿಡಾರಿನಲ್ಲಿ ಎದುರಾದವರೆಲ್ಲ ಬಹಳ ಮರ್ಯಾದೆಯಿಂದ, ‘ಆಮೆ ಹೇಗಿದೆ ಅಕ್ಕಾ?’ ಎಂದು ವಿಚಾರಿಸಿದರು.

ಔಷಧಿ ಹಿಡಿಯಿತು. ಜ್ವರ ಇಳಿಯಿತು. ಕೂಸು ಕಣ್ಣು ಬಿಟ್ಟು ಅಜ್ಜಿಯ ಕಡೆ ಕೈ ಚಾಚಿದಾಗ ಮಗಳು ಅದನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು.

“ಮುಟ್ಬೇಡ ಅಮ್ಮಾ.”

“ಸೋಪು ಹಾಕಿ ತೊಳೆದಿದೀನಿ ಕಣೇ…”

“ನಿನ್ನ ಎಲೇಲಿ ಕತ್ತೆ ಸತ್ತು ಬಿದ್ದಿತ್ತು. ನೀನು ಮಾವನ ಎಲೆ ನೊಣ ಓಡಿಸ್ತಾ ಇದ್ದೆ. ಇಲ್ಲಿಂದ ನಾನು ಸೀದಾ ಗಂಡನ ಮನೆಗೆ ಹೋಗ್ತೀನಿ. ಮಾವ ವಾಪಸ್ ಬಂದು, ಅವರೇ ಫೋನ್ ಮಾಡಿ ಕರೆದ್ರೆ ಮಾತ್ರ ಮಗೂನ ಆ ಮನೆಗೆ ತರ್ತೀನಿ. ನೀನು ಕರೆದ್ರೆ ಬರಲ್ಲ.”

ಫಿನಾಯಿಲಕ್ಕನಿಗೆ ಸಿಟ್ಟು ಬಂತು. ಮಗಳ ಮೇಲೆ, ಡಾಕ್ಟರ ಮೇಲೆ, ಆಮೆ ಕೊಟ್ಟವರ ಮೇಲೆ, ಎಲ್ಲರ ಮೇಲೂ ಬಂತು. ತನ್ನ ಮೇಲೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಆದರೆ ಅದು ಒಮ್ಮೆ ಬಂದದ್ದು ಮತ್ತೆ ಹೋಗಲಿಲ್ಲ.

ಮರುದಿನ ಆಮೆಯನ್ನು ಒಂದು ಬಕೆಟ್ಟಿಗೆ ಹಾಕಿಕೊಂಡು ಡಿಪೋದ ಹಿಂದಿನ ಬೀದಿಗೆ ಹೋದಳು. ಗ್ಯಾರೇಜಿನ ಅಂಗಳದಲ್ಲಿ ಎಣ್ಣೆಯ ಕಲೆ, ಹಳೆ ಟೈರುಗಳ ರಾಶಿ, ಮೂಲೆಯಲ್ಲೊಂದು ನಲ್ಲಿ. ತಗಡಿನ ಕೋಣೆಯ ಹೊಸ್ತಿಲಲ್ಲಿ ತಮ್ಮ ಕೂತಿದ್ದ. ಅವನ ಕಾಲ ಬಳಿ ಕಂಡಕ್ಟರ್ ಮಲಗಿತ್ತು. ಅವಳ ವಾಸನೆ ಹಿಡಿದು ತಲೆಯೆತ್ತಿತು, ಬಾಲ ಆಡಿಸಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಅಲ್ಲೇ ಮರೆತುಹೋಯಿತು. ಬಾಯಿಗೆ ಬಂದದ್ದು ಹಳೆಯ ದರ್ಪವೇ.

“ಆಮೆ ಇಲ್ಲಿರ್ಲಿ. ನೀನು ಮನೆಗೆ ನಡಿ. ಅದೂ… ಆ ನಾಯೀನೂ ಬರ್ಲಿ, ನಾನೇನೂ ಅನ್ನಲ್ಲ.”

ತಮ್ಮ ಬಕೆಟ್ಟಿನೊಳಗೆ ಇಣುಕಿ ನೋಡಿದ. ಅಕ್ಕನ ಮಗಳು ಅವನಿಗೆ ಆಗಲೇ ಫೋನಿನಲ್ಲಿ ಎಲ್ಲ ಹೇಳಿದ್ದಳೆಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು.

“ಮಗು ಹೇಗಿದೆ?”

“ಉಳೀತು.” ಬಕೆಟ್ಟು ಕೆಳಗಿಟ್ಟಳು. “ನೀನು ಬಂದ್ರೇನೇ ಮನೆಗೆ ತರ್ತಾಳಂತೆ. ನಾಯೀದೇನೂ ತಪ್ಪಿರ್ಲಿಲ್ಲ ಕಣೋ.”

ಅಷ್ಟು ಹೇಳುವುದರೊಳಗೆ ಬೆವರಿಹೋದಳು. ಜೀವಮಾನದಲ್ಲಿ ಮೊದಲ ಸಲ ನಾಯಿಯ ತಲೆ ಸವರಲೆಂದು ಬಗ್ಗಿ ಕೈ ಮುಂದೆ ಮಾಡಿದಳು.

“ಮುಟ್ಬೇಡ,” ಎಂದ ತಮ್ಮ. “ಆಮೆ ಹಿಡಿದ ಕೈ ಅದು. ಮೊದಲು ಕೈ ತೊಳ್ಕೊಂಡು ಬಾ.”

ಗ್ಯಾರೇಜಿನ ಹುಡುಗರು ಕೆಲಸ ಬಿಟ್ಟು ನೋಡುತ್ತಿದ್ದರು. ಫಿನಾಯಿಲಕ್ಕ ನಲ್ಲಿಯ ಬಳಿ ಹೋದಳು. ಎಷ್ಟೋ ಜನರಿಗೆ ಗದರಿಸಿ ಕಲಿಸಿದಂತೆಯೇ ಬೆರಳ ಸಂದು, ಉಗುರಿನಡಿ, ಮೊಣಕೈವರೆಗೂ ಉಜ್ಜಿ ತೊಳೆದಳು. ಹಿಂದಿರುಗಿ ಬಂದು ಒದ್ದೆ ಅಂಗೈಗಳನ್ನು ಚಾಚಿ ನಿಂತಳು.

ತಮ್ಮ ಎದ್ದು ಬಂದು ಬಗ್ಗಿ ಆ ಕೈಗಳನ್ನು ಮೂಸಿದ. ಅವಸರವಿಲ್ಲದೆ ಮೂಸಿದ.

“ಸರಿಯಾಗಿ ತೊಳೆದಿಲ್ಲ ಅಕ್ಕಾ,” ಎಂದ. “ಇನ್ನೊಂದ್ಸಲ.”

ಅವಳು ಅವನ ಮುಖ ನೋಡಿದಳು, ಅಲ್ಲಿ ನಗುವಿರಲಿಲ್ಲ. ಕೈ ಕೆಳಗಿಳಿಸಿಕೊಂಡು ಮತ್ತೆ ನಲ್ಲಿಯ ಕಡೆಗೆ ನಡೆದಳು.